ಮೂಲೆ ಕತ್ತರಿಸಿದ ಚೀಟಿ

ಬೆಳಗಿನ ಐದೂ ಮುಕ್ಕಾಲು. ಬಸ್ ನಿಲ್ದಾಣದ ಹಿಂದಿರುವ ಮೂರಂತಸ್ತಿನ ಹಳೆಯ ಕಟ್ಟಡದಲ್ಲಿ ಇನ್ನೂ ಯಾರ ಕಚೇರಿಯೂ ತೆರೆದಿಲ್ಲ. ಒಳಗೆ ಕಾಲಿಟ್ಟರೆ ಎಡಕ್ಕೆ ಮೆಟ್ಟಿಲು. ಬೇರೆ ಕಟ್ಟಡಗಳಲ್ಲಾದರೆ ಪೊರಕೆ, ಬಕೆಟ್ಟು, ಮುರಿದ ಕುರ್ಚಿ ತುಂಬಿಡುವ ಆ ಮೆಟ್ಟಿಲಿನಡಿಯ ಇಳಿಜಾರು ಜಾಗದಲ್ಲಿ ಒಂದು ಬಲ್ಬು ಹೊತ್ತಿಕೊಳ್ಳುತ್ತದೆ. ಬೆಳಕಿಗೆ ಮೊದಲು ಕಾಣುವುದು ಬಣ್ಣ. ಗಿಣಿಹಸಿರು ಗೌನು, ಅದರ ತುಂಬ ಅಂಗೈಯಗಲದ ಕಿತ್ತಳೆ ಹೂವು, ತೋಳಿಲ್ಲ. ಆಮೇಲೆ ಅದರೊಳಗಿನ ಮನುಷ್ಯರು. ಅರವತ್ತಾರು ವರ್ಷದ ಹೆಂಗಸು. ಕಿವಿಯ ಮಟ್ಟಕ್ಕೆ ಕತ್ತರಿಸಿದ ಬಿಳಿಗೂದಲಿಗೆ ಶಾಲೆಯ ಹುಡುಗಿಯರು ಹಾಕುವಂಥ ಎರಡು ಕೆಂಪು ಕ್ಲಿಪ್ಪು, ತುಟಿಗೆ ಗಾಢ ಗುಲಾಬಿ ಬಣ್ಣ, ಸಡಿಲಬಿದ್ದ ತೋಳಿನ ಮೇಲೆ ಎಂದೋ ಹಾಕಿಸಿಕೊಂಡ ಚುಚ್ಚುಮದ್ದಿನ ಗುರುತು.

ಮೆಷೀನಿನ ಮೇಲಿನ ಹೊದಿಕೆ ತೆಗೆದು, ಬಾಬಿನ್ನಿಗೆ ದಾರ ಸುತ್ತಿಟ್ಟು, ಅವರು ಮೊದಲು ಮಾಡುವ ಕೆಲಸ ಹೊಲಿಗೆಯದಲ್ಲ. ಅಳತೆ ಬರೆದುಕೊಳ್ಳುವ ಅಚ್ಚಿನ ಚೀಟಿಗಳ ಕಟ್ಟೊಂದನ್ನು ಎತ್ತಿಕೊಳ್ಳುತ್ತಾರೆ. ಎದೆ, ಸೊಂಟ, ಭುಜ, ಉದ್ದ ಎಂದು ಗೆರೆ ಎಳೆದ, ಎಲ್ಲ ದರ್ಜಿಗಳ ಹತ್ತಿರವೂ ಇರುವಂಥ ಚೀಟಿ. ಅದರಲ್ಲಿ ಇಪ್ಪತ್ತೈದು ಎಣಿಸಿ, ಅಂಚು ಸಮ ಮಾಡಿ, ದೊಡ್ಡ ಕತ್ತರಿಯಿಂದ ಬಲಗಡೆಯ ಮೇಲಿನ ಮೂಲೆಯನ್ನು ಕಚಕ್ಕನೆ ಕತ್ತರಿಸಿ ಹಾಕುತ್ತಾರೆ. ಕಾಗದದ ಪುಟ್ಟ ತ್ರಿಕೋನಗಳು ಕಾಲಬುಡದ ಡಬ್ಬಕ್ಕೆ ಬೀಳುತ್ತವೆ.

ಏಕೆಂದು ಕೇಳಿದರೆ, "ಅಲ್ಲೊಂದು ಮನೆ ಇದೆ. ಅದು ನನಗೆ ಬೇಡ" ಎನ್ನುತ್ತಾರೆ. ಡಬ್ಬದಿಂದ ಒಂದು ಚೂರು ಎತ್ತಿ ನೋಡಿದೆ. ಸಣ್ಣ ಚೌಕ, ಅದರೊಳಗೆ ಸಣ್ಣ ಅಕ್ಷರದಲ್ಲಿ: ವಯಸ್ಸು.

ಅವರನ್ನು ಎಲ್ಲರೂ ಕರೆಯುವುದು ಗಿಣಿಯಕ್ಕ ಎಂದು. ಮೊದಮೊದಲು ನಿಲ್ದಾಣದ ಪಡ್ಡೆಗಳು ಹಿಂದಿನಿಂದ ಕೂಗುತ್ತಿದ್ದ ಹೆಸರು. ಕೂಗಿ ಕೂಗಿ ಅದರ ಮುಳ್ಳು ಸವೆದುಹೋಗಿ, ಈಗ ಕೊರಿಯರ್ ತರುವವನೂ ಅದೇ ಹೆಸರು ಕೇಳಿಕೊಂಡು ಬರುತ್ತಾನೆ. ಹಾಗೆಂದು ಕುಟುಕುವವರು ಇಲ್ಲವೆಂದಲ್ಲ. ನಾನು ಕೂತಿದ್ದಾಗಲೇ ಎರಡನೆಯ ಮಹಡಿಯ ಲೆಕ್ಕಪತ್ರದ ಕಚೇರಿಯ ಗುಮಾಸ್ತ ಮೆಟ್ಟಿಲು ಹತ್ತುತ್ತ ಬಗ್ಗಿ ನೋಡಿದ.

"ಏನಜ್ಜಿ, ಬೆಳಿಗ್ಗೆ ಬೆಳಿಗ್ಗೆನೇ ಮಿಂಚಿಂಗು! ಯಾರದಾದ್ರೂ ಮದುವೆಯಾ?"

"ನಿನ್ನದೇ ಕಣಪ್ಪ. ಹುಡುಗಿ ಸಿಕ್ಕಳಾ, ಇಲ್ಲ ನಾನೇ ಬರ್ಬೇಕಾ?"

ಅವನ ಹೆಜ್ಜೆ ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಹೋಯಿತು. ಗಿಣಿಯಕ್ಕನ ತಲೆಯ ಮೇಲೆ ಸ್ವಲ್ಪ ಧೂಳು ಉದುರಿತು. ಅವರು ಕೊಡವಿಕೊಂಡರು. "ಹದಿನಾಲ್ಕು ವರ್ಷದಿಂದ ಊರೆಲ್ಲ ನನ್ನ ನೆತ್ತಿ ಮೇಲೇ ನಡೀತಿದೆ. ಹೆಜ್ಜೆ ಕೇಳಿದ್ರೆ ಸಾಕು, ಯಾರಿಗೆ ಮಂಡಿ ನೋವು, ಯಾರ ಚಪ್ಪಲಿ ಸವೆದಿದೆ, ಎಲ್ಲ ಗೊತ್ತಾಗುತ್ತೆ."

ಆ ಜಾಗದ ಎತ್ತರ ನಾಲ್ಕೂವರೆ ಅಡಿ. ಮೆಷೀನಿನ ಮುಂದೆ ಕೂತರೆ ಸರಿ, ನಿಂತರೆ ಬಗ್ಗಲೇಬೇಕು. ಅಳತೆ ತೆಗೆಯುವುದು ಹೊರಗೆ, ಮೆಟ್ಟಿಲಿನ ಪಕ್ಕದ ಗೋಡೆಗೆ ಕಟ್ಟಿದ ಪರದೆಯ ಹಿಂದೆ. ಅಲ್ಲೊಂದು ಆಳುದ್ದದ ಕನ್ನಡಿ, ಮೂಲೆ ಒಡೆದದ್ದು. ದಿನಕ್ಕೆ ಇಪ್ಪತ್ತೆರಡರಿಂದ ಇಪ್ಪತ್ತೈದು ಬಟ್ಟೆ ಅವರ ಕೈ ದಾಟಿ ಹೋಗುತ್ತವೆ. ಹತ್ತಾದರೂ ಪ್ಯಾಂಟಿನ ಅಂಚು ಮಡಿಸುವುದು, ಐದಾರು ಜಿಪ್ಪು, ಒಂದೆರಡು ಚೀಲದ ಪಟ್ಟಿ, ಉದುರಿದ ಗುಂಡಿಗಳಿಗಂತೂ ಲೆಕ್ಕವಿಲ್ಲ. ನಾನು ಇಲ್ಲಿಗೆ ಮೊದಲು ಬಂದದ್ದೂ ಮಗನ ಶಾಲೆಯ ಪ್ಯಾಂಟಿನ ಜಿಪ್ಪಿಗಾಗಿಯೇ; ಇವರ ಬಗ್ಗೆ ಬರೆಯಲೆಂದು ಬೆಳಿಗ್ಗೆ ಬಂದು ಕೂರತೊಡಗಿದ್ದು ಆಮೇಲೆ. ಆದರೆ ಅವರು ಐದೂ ಮುಕ್ಕಾಲಿಗೇ ಬಂದು ಬಲ್ಬು ಹಾಕುವುದು ಜಿಪ್ಪಿನವರಿಗಾಗಿ ಅಲ್ಲ. ಬೆಳಗಿನವರಿಗಾಗಿ.

ಬೆಳಗಿನವರು ಎಂದರೆ ಐವತ್ತು ದಾಟಿದ ಹೆಂಗಸರು. ಮನೆಯಲ್ಲಿ ವಾಕಿಂಗ್ ಎಂದು ಹೇಳಿ ಬರುತ್ತಾರೆ. ಕಾಲಲ್ಲಿ ಬಿಳಿ ಬೂಟು, ಕೈಯಲ್ಲಿ ತರಕಾರಿ ಚೀಲ, ಚೀಲದೊಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಬಟ್ಟೆ. ಕತ್ತು ಇಳಿಸಬೇಕು, ತೋಳು ತೆಗೆಯಬೇಕು, ಮೂವತ್ತರಲ್ಲಿ ಹಾಕಿದ್ದನ್ನು ಈಗಿನ ಮೈಗೆ ಬಿಡಿಸಬೇಕು. ನಾನು ಹೋದ ಮಂಗಳವಾರ ಬಂದವರು ನಿವೃತ್ತ ಟೀಚರು. ವಯಸ್ಸು ಎಪ್ಪತ್ತರ ಆಸುಪಾಸು. ಕೇಳುವ ಹಾಗಿಲ್ಲ, ಅದು ಇಲ್ಲಿಯ ನಿಯಮ. ಪರದೆಯ ಹಿಂದಿನಿಂದ ಮಾತು ಕೇಳಿಸುತ್ತದೆ.

"ಕತ್ತು ಇನ್ನೊಂಚೂರು ಇಳಿಸ್ಲಾ ಟೀಚರೇ?"

"ಅಯ್ಯೋ ಬೇಡಮ್ಮ. ಯಾರಾದ್ರೂ ನೋಡಿಬಿಟ್ರೆ?"

"ನೋಡ್ಲಿ ಅಂತ ತಾನೇ ಬಟ್ಟೆ ಹೊಲಿಸೋದು? ನೋಡ್ಲೇಬಾರದು ಅಂದ್ರೆ ಮನೇಲಿ ಕಂಬಳಿ ಇಲ್ವಾ?"

ಆಮೇಲೆ ಟೀಚರ ನಗು. "ಒಂದು ಇಂಚು ಇಳಿಸಿ." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ, "ಒಂದೂವರೆ."

ಇಷ್ಟು ನೋಡಿದವರಿಗೆ ಗಿಣಿಯಕ್ಕ ಖುಷಿಯ ಮುದುಕಿ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಮೂರನೆಯ ಬೆಳಿಗ್ಗೆ ಮಾತು ಹಿಂದಕ್ಕೆ ಹೊರಳಿತು.

ಅವರು ಕಟಿಂಗ್ ಕಲಿತದ್ದು ಹದಿನಾಲ್ಕನೆಯ ವಯಸ್ಸಿಗೆ, ಅಪ್ಪ ಸತ್ತ ವರ್ಷ. ಇಪ್ಪತ್ತೊಂದಕ್ಕೆ ಪೇಟೆಬೀದಿಯ ದೊಡ್ಡ ಟೈಲರಿಂಗ್ ಅಂಗಡಿ ಸೇರಿದರು. ಅಲ್ಲಿಯೇ ಮೂವತ್ತೊಂದು ವರ್ಷ. ಅಂಗಡಿಯ ಮಾಸ್ಟರು ಮೊದಲ ದಿನ ಹೇಳಿಕೊಟ್ಟ ಪಾಠ ಟೇಪು ಹಿಡಿಯುವುದಲ್ಲ. "ಮೊದಲು ವಯಸ್ಸು ಕೇಳು, ಆಮೇಲೆ ಟೇಪು ಬಿಚ್ಚು" ಎಂದಿದ್ದರಂತೆ. ಚೀಟಿಯ ಮೂಲೆಯಲ್ಲಿ ವಯಸ್ಸು ಬರೆದು ಸುತ್ತ ಸೊನ್ನೆ ಹಾಕಬೇಕು. ಆ ಸೊನ್ನೆಯೇ ಮಿಕ್ಕಿದ್ದನ್ನೆಲ್ಲ ಹೇಳುತ್ತಿತ್ತು. ಮೂವತ್ತಾದರೆ ಕತ್ತು ಇಷ್ಟು ಇಳಿಯಬಹುದು. ನಲವತ್ತಕ್ಕೆ ಒಂದು ಇಂಚು ಮೇಲೆ. ಐವತ್ತಕ್ಕೆ ಕತ್ತಿನೆಲುಬು ಮುಚ್ಚಬೇಕು, ತೋಳು ಮೊಣಕೈ ದಾಟಬೇಕು. ಅರವತ್ತಾದವರು ಕೆಂಪು ಬಟ್ಟೆ ಆರಿಸಿಕೊಂಡರೆ "ಒಗೆದ್ರೆ ಬಣ್ಣ ಬಿಡುತ್ತಮ್ಮ" ಎಂದು ಮಾಸ್ಟರು ತಾವೇ ಬೂದಿಬಣ್ಣದ ಬಟ್ಟೆಯ ಥಾನು ಬಿಚ್ಚುತ್ತಿದ್ದರು. ಗಿರಾಕಿ ಏನೇ ಹೇಳಲಿ, ನಲವತ್ತು ದಾಟಿದವರ ಅಳತೆಗೆ ಕೇಳದೆಯೇ ಎರಡು ಇಂಚು ಸಡಿಲ ಸೇರಿಸುವುದು ಅಂಗಡಿಯ ಪದ್ಧತಿ. ಅದಕ್ಕೊಂದು ಹೆಸರೂ ಇತ್ತು. ಮರ್ಯಾದೆ ಇಂಚು.

"ಯಾರಿಗೂ ಹೇಳ್ತಿರಲಿಲ್ಲ" ಎನ್ನುತ್ತಾರೆ ಗಿಣಿಯಕ್ಕ. "ಟ್ರಯಲ್ಲಿಗೆ ಬಂದು ಕನ್ನಡಿ ಮುಂದೆ ನಿಲ್ತಿದ್ರು. ಬಟ್ಟೆ ಜೋತು ಬಿದ್ದಿರ್ತಿತ್ತು. ನಮ್ಮನ್ನ ಯಾರೂ ಬೈತಿರಲಿಲ್ಲ. 'ನಾನೇ ಇಳಿದುಹೋಗಿದ್ದೀನಿ ನೋಡು' ಅಂತಿದ್ರು. ತಮ್ಮ ಮೈಯನ್ನೇ ಬೈಕೊಳ್ತಿದ್ರು. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಕೊಂಡು ಸುಮ್ನೆ ನಿಂತಿರ್ತಿದ್ದೆ."

ಅವರೇ ಒಂದು ಲೆಕ್ಕ ಹಾಕಿದ್ದಾರೆ. ದಿನಕ್ಕೆ ಐದು ಉಡುಪು, ಮೂವತ್ತೊಂದು ವರ್ಷ. ಅದರಲ್ಲಿ ನಲವತ್ತು ದಾಟಿದವರದ್ದು ಕಡಿಮೆಯೆಂದರೂ ಇಪ್ಪತ್ತು ಸಾವಿರ. ಒಂದೊಂದಕ್ಕೆ ಎರಡು ಇಂಚು. "ಒಂದು ಕಿಲೋಮೀಟರ್ ಬಟ್ಟೆ ಆಗುತ್ತೆ. ಇಲ್ಲಿಂದ ಆಸ್ಪತ್ರೆ ತನಕ ಹಾಸಬಹುದು."

ಆಸ್ಪತ್ರೆಯನ್ನು ಅವರು ಸುಮ್ಮನೆ ನೆನೆಯಲಿಲ್ಲ. ಅವರ ಅಕ್ಕ ಅಲ್ಲಿ ಮೂವತ್ತಾರು ವರ್ಷ ನರ್ಸಾಗಿದ್ದರು.

ಅಕ್ಕ ಎಂಟು ವರ್ಷ ದೊಡ್ಡವರು, ಮದುವೆಯಾಗದವರು. ಅಪ್ಪ ಹೋದ ಮೇಲೆ ತಂಗಿಯನ್ನು ಓದಿಸಿದ್ದು, ಕಟಿಂಗ್ ಕ್ಲಾಸಿಗೆ ಸೇರಿಸಿದ್ದು ಅವರೇ. ತಂಗಿಯ ಗಂಡ ತೀರಿಕೊಂಡಾಗ ಮಗುವಿಗೆ ಆರು ವರ್ಷ. ಆಗ ಅಕ್ಕ ರಾತ್ರಿ ಪಾಳಿ ಬರೆಸಿಕೊಂಡರು, ಹಗಲು ಮಗುವನ್ನು ನೋಡಿಕೊಳ್ಳಲು. ಬೆಳಿಗ್ಗೆ ಒಬ್ಬರು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಇನ್ನೊಬ್ಬರು ಮೆಟ್ಟುತ್ತಿದ್ದರು. ಆ ಮನೆಯ ಹಗ್ಗದ ಮೇಲೆ ಮೂವತ್ತಾರು ವರ್ಷವೂ ಒಣಗಿದ್ದು ಬಿಳಿ ಬಟ್ಟೆಯೇ.

ನಿವೃತ್ತಿಯಾದ ವಾರ ಅಕ್ಕ ಮೂರು ಮೀಟರ್ ಬಟ್ಟೆ ತಂದರು. ದಾಳಿಂಬೆ ಬಿಡಿಸಿಟ್ಟ ಹಾಗಿರುವ ಕೆಂಪು.

"'ತೋಳಿಲ್ದೆ ಹೊಲಿ ಕಣೇ' ಅಂದ್ಲು. 'ಸೊಂಟ ಹಿಡೀಬೇಕು. ನಿಮ್ಮಂಗಡಿಗೆ ಬರೋ ಹುಡುಗೀರಿಗೆ ಹೊಲಿತೀಯಲ್ಲ, ಹಂಗೆ.' ನಾನು ಹೂಂ ಅಂದೆ. ಬೇಡ ಅಂದಿದ್ರೆ ಜಗಳವಾದ್ರೂ ಆಡ್ತಿದ್ಲು, ಗೆಲ್ತಿದ್ಲು. ಹೂಂ ಅಂದುಬಿಟ್ಟೆ. ಅಳತೆ ತಗೊಂಡೆ. ಚೀಟಿ ಮೂಲೇಲಿ ಅರವತ್ತು ಅಂತ ಬರೆದು ಸೊನ್ನೆ ಹಾಕ್ದೆ. ಮಿಕ್ಕಿದ್ದನ್ನ ಕೈ ಮಾಡ್ತು."

ಮೊಣಕೈ ದಾಟಿದ ತೋಳು. ಮುಚ್ಚಿದ ಕತ್ತು. ಎರಡು ಇಂಚು ಮರ್ಯಾದೆ.

ಬೇಕೆಂದೇ ಮಾಡಿದಿರಾ, ಅಭ್ಯಾಸಬಲವಾ ಎಂದು ಕೇಳಿದೆ. ಕೇಳಬಾರದಿತ್ತೇನೋ. ಗಿಣಿಯಕ್ಕ ಮೆಷೀನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದರು. "ಹದಿನಾಲ್ಕು ವರ್ಷದಿಂದ ನಾನೂ ಅದನ್ನೇ ಕೇಳ್ಕೊಳ್ತಿದ್ದೀನಿ. ಎಲ್ಲರ ಹತ್ರ ಕೈ ಮಾಡ್ತು ಅಂತೀನಿ. ಆದ್ರೆ ತೋಳು ಕತ್ತರಿಸೋವಾಗ ನಾನು ಕಣ್ಣು ಮುಚ್ಕೊಂಡಿರಲಿಲ್ವಲ್ಲ. ಜನ ಅವಳನ್ನ ನೋಡಿ ನಗಬಾರದು ಅಂದ್ಕೊಂಡೆ. ಅವಳ ಒಳ್ಳೇದಕ್ಕೇ ಅಂದ್ಕೊಂಡೆ."

ಟ್ರಯಲ್ ದಿನ ಅಕ್ಕ ಅಂಗಡಿಗೇ ಬಂದರು. ಪರದೆಯ ಹಿಂದೆ ಹಾಕಿಕೊಂಡು ಕನ್ನಡಿ ನೋಡಿದರು. ತುಂಬ ಹೊತ್ತು ನೋಡಿದರಂತೆ. ಆಮೇಲೆ ತಂಗಿಯ ಕೆನ್ನೆ ತಟ್ಟಿ, "ಚೆನ್ನಾಗಿದೆ ಕಣೇ" ಎಂದರು. ಮನೆಗೆ ಹೋಗಿ ಬೀರುವಿನಲ್ಲಿ ನೇತುಹಾಕಿದರು. ಯಾರೂ ಅವರನ್ನು ಆ ಗೌನಿನಲ್ಲಿ ಮತ್ತೆ ನೋಡಲಿಲ್ಲ.

ಐದು ತಿಂಗಳಿಗೆ ಅಕ್ಕ ತೀರಿಕೊಂಡರು. ಹೊಟ್ಟೆಯೊಳಗಿನ ಕಾಯಿಲೆ. ಮೂವತ್ತಾರು ವರ್ಷ ವಾರ್ಡಿನಲ್ಲಿ ಕಳೆದವರಿಗೆ ಅದು ತಿಳಿಯದೆ ಇರುತ್ತದೆಯೆ? ಬಟ್ಟೆ ತರುವಾಗಲೇ ಗೊತ್ತಿತ್ತು ಎಂದು ಆಮೇಲೆ ಜೊತೆಯ ನರ್ಸುಗಳು ಹೇಳಿದರು. ಕಾಲವಿರುವಾಗ ಒಮ್ಮೆ ಹಾಕಿಕೊಳ್ಳಬೇಕು ಎಂದಿದ್ದರಂತೆ.

ಬೀರು ಖಾಲಿ ಮಾಡಲು ತಾಯಿ ಮಗಳು ಇಬ್ಬರೂ ಕೂತಿದ್ದರು. ಮಗಳಿಗೆ ಆಗ ಇಪ್ಪತ್ತೊಂಬತ್ತು. ಗೌನನ್ನು ಹೊರಗೆ ತೆಗೆದರೆ ಅದರ ಎಡದ ತೋಳು ಇರಲಿಲ್ಲ. ಮಡಿಸಿ ಜೇಬಿನಲ್ಲಿಟ್ಟಿತ್ತು. ಅದರ ಜೊತೆಗೆ ಬಾಗಿದ ತುದಿಯ ಪುಟ್ಟ ಕತ್ತರಿ, ಆಪರೇಷನ್ ಆದವರ ಗಾಯದ ಹೊಲಿಗೆ ಬಿಚ್ಚಲು ನರ್ಸುಗಳು ಬಳಸುವಂಥದ್ದು.

"ಒಂದೊಂದೇ ಹೊಲಿಗೆ ಬಿಚ್ಚಿದ್ಲು. ಬಟ್ಟೆಯ ಒಂದು ಎಳೆಗೂ ನೋವಾಗಿರಲಿಲ್ಲ. ನನಗೆ ಕೊಟ್ಟಿದ್ರೆ ಹತ್ತು ನಿಮಿಷದ ಕೆಲಸ. ಕೊಡಲಿಲ್ಲ. ನಾನು ಹೊಲಿದಿದ್ದು ಸರಿಯಿಲ್ಲ ಅಂತ ನನಗೆ ಗೊತ್ತಾಗಬಾರದು ಅಂತ ಹಾಸಿಗೆ ಮೇಲೆ ಕೂತು ತಾನೇ ಬಿಚ್ಚಿದ್ಲು. ಬಲದ ತೋಳು ಬಿಚ್ಚೋಕೆ ಶಕ್ತಿ ಸಾಲಲಿಲ್ಲ."

ಮಾರನೆಯ ವಾರ ಅಂಗಡಿಯಲ್ಲಿ ಗಿಣಿಯಕ್ಕ ಯಾರ ಚೀಟಿಯಲ್ಲೂ ವಯಸ್ಸು ಬರೆಯಲಿಲ್ಲ. ಕೇಳಿದವರಿಗೆ ಕೇಳಿದ ಹಾಗೆಯೇ ಹೊಲಿದರು. ಐವತ್ತೆಂಟರ ಹೆಂಗಸೊಬ್ಬರ ಗೌನು ಮೈಗೆ ಸರಿಯಾಗಿ ಕೂತದ್ದನ್ನು ನೋಡಿ ಅವರ ಮಗ ಅಂಗಡಿಗೆ ಬಂದು ಕೂಗಾಡಿದ. ಮಾಸ್ಟರು ಎರಡು ತಿಂಗಳು ಸಹಿಸಿಕೊಂಡರು. "ನಿನ್ನ ಕೈಗೆ ವಯಸ್ಸಾಯ್ತಮ್ಮ, ಮನೇಲಿರು" ಎಂದರು ಕೊನೆಗೆ. ಐವತ್ತೆರಡಕ್ಕೆ ಈ ಮೆಟ್ಟಿಲಿನಡಿಯ ಜಾಗ. ಇಲ್ಲಿಗೆ ಬಂದ ಮೊದಲ ವಾರ ತಮಗೇ ಒಂದು ಗಿಣಿಹಸಿರು ಗೌನು ಹೊಲಿದುಕೊಂಡರು. ಹಠಕ್ಕೆ ಹೊಲಿದದ್ದು, ಆಮೇಲೆ ಇಷ್ಟವಾಗಿಹೋಯಿತು ಎನ್ನುತ್ತಾರೆ. ಅಕ್ಕನ ಗೌನನ್ನು ಮಾತ್ರ ಮುಟ್ಟಲಾಗಲಿಲ್ಲ. ಒಂದೇ ತೋಳಿನ ಆ ಗೌನು ಇವತ್ತಿಗೂ ಮೆಷೀನಿನ ಪಕ್ಕದ ತಗಡಿನ ಪೆಟ್ಟಿಗೆಯಲ್ಲಿದೆ.

ಇದೆಲ್ಲದಕ್ಕೆ ತೆತ್ತದ್ದೇನು ಎಂದರೆ ಅವರು ಮೊದಲು ಕಣ್ಣಿನ ಪೊರೆಯ ಮಾತಾಡುತ್ತಾರೆ, ಆಮೇಲೆ ಬಾಗಿದ ಬೆನ್ನಿನದು. ಮಗಳ ವಿಷಯ ಕೊನೆಗೆ, ಕಷ್ಟಪಟ್ಟು ಬರುತ್ತದೆ.

ಮಗಳಿಗೆ ಈಗ ನಲವತ್ಮೂರು. ಊರಿನ ಆ ತುದಿಯಲ್ಲಿ ಮನೆ, ಒಂದು ವಿಮಾ ಕಚೇರಿಯಲ್ಲಿ ಕೆಲಸ. ಮೆಟ್ಟಿಲಿನ ಹತ್ತಿರ ಬಂದು ಆರು ವರ್ಷವಾಯಿತು. ಫೋನ್ ಮಾಡುತ್ತಾಳೆ, ಔಷಧಿ ಮುಗಿಯಿತಾ ಎಂದು ಕೇಳುತ್ತಾಳೆ, ಇಡುತ್ತಾಳೆ. "ಅವಳದ್ದೂ ತಪ್ಪಿಲ್ಲ ಬಿಡಿ" ಎನ್ನುತ್ತಾರೆ ತಾಯಿ. "ಆಫೀಸಲ್ಲಿ ಯಾರಾದ್ರೂ 'ನಿನ್ನೆ ನಿಮ್ಮಮ್ಮನ್ನ ನೋಡಿದೆ' ಅಂದ್ರೆ ಅವಳು ಎದ್ದು ಆಚೆ ಹೋಗಿಬಿಡ್ತಾಳಂತೆ. ನಗ್ತಾ ಹೇಳೋರೇ ಜಾಸ್ತಿ ಅಲ್ವಾ? 'ಎಲ್ಲಾರ ಅಮ್ಮಂದಿರ ಹಾಗೆ ನೀನ್ಯಾಕಮ್ಮ ಇರಲ್ಲ' ಅಂತಾಳೆ. ಏನು ಹೇಳ್ಲಿ? ನೇರ ಹೇಳಿದ್ರೆ ಅವಳ ದೊಡ್ಡಮ್ಮನ್ನ ನಾನೇ ನೋಯಿಸಿದ್ದು ಹೇಳ್ಬೇಕಾಗುತ್ತೆ. ಬೀರು ತೆಗೆದ ದಿನ ಅವಳು ಆ ಗೌನು ನೋಡಿದ್ಲು. ಹರಿದಿರಬೇಕು ಅಂದ್ಕೊಂಡ್ಲು. ನಾನೂ ಸುಮ್ನಾದೆ."

ಆ ವಾರ ಅವರ ಮೆಷೀನಿನ ಮೇಲಿನ ಗೂಡಿನಲ್ಲಿ ಒಂದು ಪೊಟ್ಟಣ ಕೂತಿತ್ತು. ಮಗಳು ಕೊರಿಯರಿನಲ್ಲಿ ಕಳಿಸಿದ್ದು. ಶನಿವಾರ ಸಂಜೆ ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವ. ಹನ್ನೊಂದು ವರ್ಷದ ಆ ಹುಡುಗಿ ಮೊದಲ ಸಲ ಒಬ್ಬಳೇ ವೇದಿಕೆಯ ಮೇಲೆ ನಿಂತು ಹಾಡುತ್ತಾಳೆ. ಪೊಟ್ಟಣದೊಳಗೆ ಬೂದಿಬಣ್ಣದ, ಮುಂಗೈವರೆಗೆ ತೋಳಿರುವ ರೆಡಿಮೇಡ್ ಗೌನು. ಜೊತೆಗೆ ಚೀಟಿ: 'ಅಮ್ಮ, ಇದನ್ನು ಹಾಕಿಕೊಂಡು ಬಾ. ನಿನಗೆ ಪಕ್ಕದಲ್ಲೇ ಜಾಗ ಹಿಡಿದಿರುತ್ತೇನೆ. ಇಲ್ಲದಿದ್ದರೆ ದಯವಿಟ್ಟು ಬರಬೇಡ.'

"ದಯವಿಟ್ಟು ಅಂತ ಬರೆದಿದ್ದಾಳೆ ನೋಡಿ" ಎಂದರು ಗಿಣಿಯಕ್ಕ. ಬೈದಿದ್ದರೆ ಚೆನ್ನಾಗಿತ್ತು ಅನ್ನುವಂತೆ.

ಶುಕ್ರವಾರ ಬೆಳಿಗ್ಗೆ ನಾನು ಹೋದಾಗ ಟೀಚರು ತಮ್ಮ ಗೌನು ಒಯ್ಯಲು ಬಂದು ಸ್ಟೂಲಿನ ಮೇಲೆ ಕೂತಿದ್ದರು. ಪರದೆ ಸರಿಯಿತು. ಗಿಣಿಯಕ್ಕ ಬೂದಿಬಣ್ಣ ತೊಟ್ಟು ಹೊರಗೆ ಬಂದರು. ಕೆಂಪು ಕ್ಲಿಪ್ಪು ತೆಗೆದಿದ್ದರು, ತುಟಿ ಒರೆಸಿಕೊಂಡಿದ್ದರು. ದಾರಿಯಲ್ಲಿ ಎದುರಾಗಿದ್ದರೆ ನಾನು ಗುರುತು ಹಿಡಿಯುತ್ತಿರಲಿಲ್ಲ. ಗೌನು ಒಂದು ಸೈಜು ದೊಡ್ಡದು. ಮಗಳೇ ಸೇರಿಸಿ ಕಳಿಸಿದ ಮರ್ಯಾದೆ ಇಂಚು.

"ಪರವಾಗಿಲ್ಲಮ್ಮ, ಗೌರವವಾಗಿ ಕಾಣ್ತೀರಿ" ಎಂದರು ಟೀಚರು. ಕತ್ತನ್ನು ಒಂದೂವರೆ ಇಂಚು ಇಳಿಸಿಕೊಂಡವರು ಅವರೇ. ಹೇಳಿದ ಮೇಲೆ ಅವರಿಗೂ ಏನೋ ಅನ್ನಿಸಿರಬೇಕು, ಚೀಲದ ಹಿಡಿಕೆ ಸುತ್ತುತ್ತ ನೆಲ ನೋಡಿದರು.

ಗಿಣಿಯಕ್ಕ ಒಡೆದ ಕನ್ನಡಿಯ ಮುಂದೆ ತುಂಬ ಹೊತ್ತು ನಿಂತರು. "ಒಂದು ಸಂಜೆ ತಾನೇ" ಎಂದುಕೊಂಡರು. ತೋಳನ್ನು ಎಳೆದು ಸರಿಮಾಡಿಕೊಂಡರು. ಆಮೇಲೆ, ಯಾರಿಗೋ ಸಮಾಧಾನ ಹೇಳುವ ದನಿಯಲ್ಲಿ, ಕನ್ನಡಿಗೇ ಹೇಳಿದರು, "ಚೆನ್ನಾಗಿದೆ ಕಣೇ."

ಹೇಳಿದವರು ತಾವೇ ಬೆಚ್ಚಿದರು. ಟೀಚರಿಗೆ ಏನೂ ಅರ್ಥವಾಗಲಿಲ್ಲ, ನನಗಾಯಿತು. ಗಿಣಿಯಕ್ಕ ಪರದೆಯ ಹಿಂದೆ ಹೋಗಿ ಹಸಿರು ಗೌನಿನಲ್ಲಿ ವಾಪಸಾದರು. ಬೂದಿಬಣ್ಣದ್ದನ್ನು ಮೊದಲಿದ್ದ ಹಾಗೆಯೇ ಮಡಿಸಿ ಪೊಟ್ಟಣಕ್ಕೆ ಹಾಕಿದರು. ಮಂಡಿಯೂರಿ ತಗಡಿನ ಪೆಟ್ಟಿಗೆಯನ್ನು ಹೊರಗೆಳೆದರು.

ಕೆಂಪು ಬಟ್ಟೆಯ ಮೇಲೆ ಕೆಂಪು ದಾರ. ಪೊರೆ ಬಂದ ಕಣ್ಣಿಗೆ ಒಂದೂ ಹೊಲಿಗೆ ಕಾಣುತ್ತಿಲ್ಲ. "ಟೀಚರೇ, ನೀವು ತಪ್ಪು ಹುಡುಕಿ ರೂಢಿ ಇರೋರು. ಇಲ್ಲಿ ಹೊಲಿಗೆ ಎಲ್ಲೆಲ್ಲಿದೆ ಬೆರಳಿಟ್ಟು ತೋರಿಸಿ" ಎಂದರು. ಟೀಚರು ಮೊಬೈಲಿನ ಟಾರ್ಚು ಹಿಡಿದರು. ಅವರು ಬೆರಳಿಟ್ಟಲ್ಲಿ ಗಿಣಿಯಕ್ಕ ಅಕ್ಕನ ಬಾಗಿದ ಕತ್ತರಿಯ ತುದಿ ಇಟ್ಟರು. ಬಲದ ತೋಳಿನ ಹೊಲಿಗೆ ಒಂದೊಂದಾಗಿ ಬಿಚ್ಚಿತು. ಮುಕ್ಕಾಲು ಗಂಟೆ ಹಿಡಿಯಿತು. ಆ ದಿನ ಜಿಪ್ಪಿನವರು, ಅಂಚಿನವರು ಎಲ್ಲ ಬಂದು ವಾಪಸು ಹೋದರು. ಭುಜವನ್ನು ಎರಡು ಬೆರಳು ಒಳಕ್ಕೆ ಕತ್ತರಿಸಿ, ಬಿಚ್ಚಿದ ತೋಳಿನ ಬಟ್ಟೆಯಿಂದಲೇ ಪಟ್ಟಿ ಮಾಡಿ ಕಂಕುಳ ಸುತ್ತಲೂ ಅಂಚು ಕೊಟ್ಟರು. ಕತ್ತು ಇಳಿಸಿದರು. ಪಕ್ಕದ ಹೊಲಿಗೆಯಲ್ಲಿ ಎರಡು ಇಂಚು ಹಿಡಿದರು. ಉದ್ದವನ್ನು ಮುಟ್ಟಲಿಲ್ಲ. ಅಕ್ಕ ಇವರಿಗಿಂತ ಎತ್ತರ. "ಅಂಚು ಮಡಿಸಲ್ಲ. ಅವಳ ಉದ್ದ ಅವಳದ್ದೇ ಇರ್ಲಿ."

ಶನಿವಾರ ಸಂಜೆ ನಾನು ಅಲ್ಲಿರಲಿಲ್ಲ. ನಡೆದದ್ದನ್ನು ಸೋಮವಾರ ಬೆಳಿಗ್ಗೆ, ಚೀಟಿಗಳ ಮೂಲೆ ಕತ್ತರಿಸುತ್ತ, ಗಿಣಿಯಕ್ಕನೇ ಹೇಳಿದರು.

"ಬಾಗಿಲಿಂದಲೇ ಮಗಳು ಕಂಡ್ಲು. ಮೂರನೇ ಸಾಲು. ಪಕ್ಕದ ಕುರ್ಚಿ ಮೇಲೆ ಬ್ಯಾಗು ಇಟ್ಟಿದ್ಲು. ನನಗೇ ಹಿಡಿದಿದ್ದು ಅದು. ನಾನು ಅಕ್ಕನ ಗೌನಲ್ಲೇ ಸಾಲಿನ ತುದೀಲಿ ಹೋಗಿ ನಿಂತೆ. ತಿರುಗಿ ನೋಡಿದ್ಲು, ಮೇಲಿಂದ ಕೆಳಗಿನ ತನಕ. ಬ್ಯಾಗು ತೆಗೀಲಿಲ್ಲ. ನಾನು ಅವಳ ಬೆನ್ನ ಹಿಂದಿನ ಸಾಲಿಗೆ ಹೋಗಿ ಕೂತೆ."

ಮೊಮ್ಮಗಳು?

"ಹಾಡಿದ್ಲು. ಚೆನ್ನಾಗಿ ಹಾಡಿದ್ಲು. ಮಧ್ಯದಲ್ಲಿ ನನ್ನ ಕಡೆ ನೋಡಿದ್ಲು. ನಕ್ಕಳೋ, ನಾಚ್ಕೊಂಡು ತಲೆ ತಗ್ಗಿಸಿದಳೋ, ಅಷ್ಟು ದೂರದಿಂದ ಗೊತ್ತಾಗಲಿಲ್ಲ. ಈ ದರಿದ್ರ ಪೊರೆ. ನಕ್ಕಳು ಅಂತ ಇಟ್ಕೊಂಡಿದ್ದೀನಿ."

ಕತ್ತರಿ ಕೆಳಗಿಟ್ಟರು.

"ಕೂತಲ್ಲಿಂದ ಮಗಳ ಬೆನ್ನು ಕಾಣ್ತಿತ್ತು. ಎರಡು ಗಂಟೆ ಅವಳ ಬೆನ್ನೇ ನೋಡಿದೆ. ಅವಳ ಬಟ್ಟೆಯೂ ಬೂದಿ ಬಣ್ಣವೇ. ಭುಜದ ಹೊಲಿಗೆ ಭುಜದ ಮೇಲಿರಲಿಲ್ಲ, ಎರಡು ಬೆರಳು ಕೆಳಗೆ ಜಾರಿತ್ತು. ನಲವತ್ಮೂರು ವರ್ಷ ಅವಳಿಗೆ. ಅಂಗಡಿಗೆ ಹೋಗಿ ತಾನೇ ಒಂದು ಸೈಜು ದೊಡ್ಡದು ಕೇಳಿ ತಗೊಂಡಿದ್ದಾಳೆ. ಇಪ್ಪತ್ತು ಸಾವಿರ ಬಟ್ಟೆಗೆ ನಾನು ಕದ್ದು ಸೇರಿಸಿದ್ದನ್ನ ನನ್ನ ಮಗಳು ಕೇಳಿ ತಗೊಂಡು ಕೂತಿದ್ಲು. ಅವಳಿಗೆ ಒಳ್ಳೇ ಭುಜ, ದೊಡ್ಡಮ್ಮನ ಥರ. ಕಾಣಿಸ್ತಾನೇ ಇರಲಿಲ್ಲ."

ಮುಗಿದ ಮೇಲೆ ಗೇಟಿನ ಹತ್ತಿರ ಮಗಳು ಎದುರಾದಳು. ಕೈಯಲ್ಲಿ ಮೊಮ್ಮಗಳ ಕೈ. ಆ ಇಡೀ ಸಂಜೆ ತಾಯಿ ಮಗಳ ನಡುವೆ ನಡೆದ ಮಾತು ಇಷ್ಟೇ.

"ಅದು ದೊಡ್ಡಮ್ಮಂದಲ್ವಾ?"

"ಹೂಂ."

"ಇನ್ನೊಂದು ತೋಳು?"

"ಬಿಚ್ಚಿದೆ. ಒಂದನ್ನ ಅವಳು ಬಿಚ್ಚಿದ್ಲು, ಇನ್ನೊಂದನ್ನ ನಾನು."

ಮಗಳು ಭುಜದ ಅಂಚಿನ ಪಟ್ಟಿಯನ್ನು ನೋಡುತ್ತ ಒಂದು ಗಳಿಗೆ ನಿಂತಳು. ಆಟೋದವನು ಹಾರನ್ ಮಾಡಿದ. ಹತ್ತಿಹೋದಳು. ಅದಾದ ಮೇಲೆ ಫೋನು ಬಂದಿಲ್ಲ. ಔಷಧಿ ಮುಗಿಯಿತಾ ಎಂದು ಕೇಳಲೂ ಇಲ್ಲ.

ಆರು ಗಂಟೆಯಾಗುತ್ತಿತ್ತು. ಹೊರಗೆ ಬೆಳಗಿನವರ ಬೂಟಿನ ಸದ್ದು. ಗಿಣಿಯಕ್ಕ ಕತ್ತರಿಸಿದ ಚೀಟಿಗಳಲ್ಲಿ ಒಂದನ್ನು ತೆಗೆದು, ಮೇಲ್ಗಡೆ 'ಪುಟ್ಟಿ' ಎಂದು ಬರೆದು, ಮೆಷೀನಿನ ಎದುರಿನ ಮೊಳೆಗೆ ಸಿಕ್ಕಿಸಿದರು. ಮಗಳನ್ನು ಮನೆಯಲ್ಲಿ ಕರೆಯುವ ಹೆಸರು ಅದು. ಎದೆ, ಸೊಂಟ, ಭುಜ, ಉದ್ದ ಎಲ್ಲ ಖಾಲಿ. ಮೂಲೆ ಇಲ್ಲ. ಅವರ ಹತ್ತಿರ ಇರುವ ಮಗಳ ಅಳತೆ ಹದಿನಾಲ್ಕು ವರ್ಷ ಹಳೆಯದು.

ಮಗಳು ಬಂದರೆ ಏನು ಹೇಳುತ್ತೀರಿ ಎಂದು ಕೇಳಿದೆ.

ಕೊರಳಿಂದ ಟೇಪು ತೆಗೆದು, ಸುಕ್ಕು ಬಿಡಿಸಿ, ಮತ್ತೆ ಕೊರಳಿಗೇ ಹಾಕಿಕೊಂಡರು.

"ಮಾತಾಡೋದೇನೂ ಬೇಡ. ನನ್ನ ಮುಖ ನೋಡೋದೂ ಬೇಡ. ಬಂದು ಬೆನ್ನು ತಿರುಗಿಸಿ ನಿಂತ್ರೆ ಸಾಕು. ಭುಜದ ಅಳತೆ ಹಿಂದಿನಿಂದಲೇ ತಗೊಳ್ಳೋದು."